ಅಪ್ಪ ಸುಡದ ಚಡ್ಡಿ

ದೇಶದ ವರ್ಷದ ಅತ್ಯುತ್ತಮ ಫುಟ್‌ಬಾಲ್ ಆಟಗಾರ್ತಿ ಎಂಬ ಪ್ರಶಸ್ತಿ ನನ್ನ ತಂಗಿಗೆ ಬಂದ ದಿನ ನಾನು ಮದ್ದೂರಿನ ಹೈಸ್ಕೂಲಿನಲ್ಲಿ ಒಂಬತ್ತನೇ ಕ್ಲಾಸಿಗೆ ಲೆಕ್ಕ ಹೇಳಿಕೊಡುತ್ತಿದ್ದೆ. ಹೆಡ್‌ಮೇಷ್ಟ್ರು ಬಾಗಿಲಲ್ಲಿ ನಿಂತು ಮೊಬೈಲು ತೋರಿಸಿದರು. ಮಕ್ಕಳು ಬೆಂಚು ಬಡಿದರು. ಬೇಕರಿಯಿಂದ ಮೈಸೂರುಪಾಕು ತರಿಸಿ ಸ್ಟಾಫ್ ರೂಮಿನಲ್ಲಿ ಹಂಚಿದೆ. ಆ ಸಂತೋಷ ಅಪ್ಪಟ ಸಂತೋಷ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿದವರು ಇವಳಿಗೆ ಹೊಟ್ಟೆಕಿಚ್ಚು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಅವಳ ಕಾಲಲ್ಲಿ ಇರುವುದು ನನ್ನ ಕಾಲಲ್ಲಿ ಇಲ್ಲ ಎಂದು ನನಗೆ ಹೈಸ್ಕೂಲು ದಾಟುವ ಮೊದಲೇ ಗೊತ್ತಾಗಿತ್ತು. ನನಗೆ ಸಿಟ್ಟು ಬಂದದ್ದು ಪ್ರಶಸ್ತಿಯ ಹಿಂದೆಯೇ ಮನೆಗೆ ನುಗ್ಗಿದ ಕತೆಯ ಮೇಲೆ.

ನಮ್ಮ ಅಪ್ಪ ಮಳವಳ್ಳಿಯಲ್ಲಿ ಟೈಲರ್. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಅಂಗಡಿ. ಶಾಲೆ ಯೂನಿಫಾರಂ, ಬ್ಲೌಸು, ಪ್ಯಾಂಟು, ಯಾರು ಏನು ತಂದರೂ ಹೊಲಿಯುತ್ತಾರೆ. ಅವ್ವ ಬೆಳಕವಾಡಿಯವಳು, ಮದುವೆಯಾಗಿ ಬಂದ ಮೇಲೆ ಕಾಜ ಹಾಕುವುದನ್ನು ಕಲಿತು ಅಪ್ಪನ ಪಕ್ಕದಲ್ಲೇ ಕೂತವಳು. ಮನೆಯಲ್ಲಿ ಬುದ್ಧನ ಪಟ, ಗೋಡೆಗೆ ಒಂದು ಟೀವಿ, ನಾವಿಬ್ಬರು ಹೆಣ್ಣುಮಕ್ಕಳು. ಶ್ರೀಮಂತರಲ್ಲ, ಆದರೆ ಉಪವಾಸ ಮಲಗಿದವರೂ ಅಲ್ಲ. ಈ ಮಾತನ್ನು ಒತ್ತಿ ಹೇಳಬೇಕಾದ ಕಾಲ ಬರುತ್ತದೆಂದು ನಾನು ಎಣಿಸಿರಲಿಲ್ಲ.

ನಮ್ಮ ಹೈಸ್ಕೂಲಿಗೆ ಹೊಸದಾಗಿ ಬಂದ ಪಿ.ಟಿ. ಮೇಷ್ಟ್ರು ಕಾಲೇಜಿನಲ್ಲಿ ಫುಟ್‌ಬಾಲ್ ಆಡಿದ್ದವರು. ಕಬಡ್ಡಿಗೆ ಎಲ್ಲ ಶಾಲೆಯಲ್ಲೂ ಟೀಮಿದೆ, ಹುಡುಗಿಯರ ಫುಟ್‌ಬಾಲಿಗೆ ಎಲ್ಲೋ ಒಂದೆರಡು ಶಾಲೆಯದು ಬಿಟ್ಟರೆ ಇಲ್ಲ, ಆಡಿದರೆ ಸಾಕು ಗೆದ್ದಹಾಗೆ ಎಂಬುದು ಅವರ ಲೆಕ್ಕ. ಮಣ್ಣಿನಲ್ಲಿ ಬೀಳಲು ಬೇರೆ ಯಾರೂ ಒಪ್ಪದ ಕಾರಣ ನನ್ನನ್ನು ಗೋಲಿನಲ್ಲಿ ನಿಲ್ಲಿಸಿದರು. ತಂಗಿ ನನಗಿಂತ ಚಿಕ್ಕವಳು, ಗಿಡ್ಡಿ. ಅವಳ ಕಾಲಿಗೆ ಚೆಂಡು ಸಿಕ್ಕರೆ ಅದನ್ನು ಕಸಿಯುವುದಕ್ಕೆ ಹುಡುಗರಿಗೂ ಆಗುತ್ತಿರಲಿಲ್ಲ. ಮಂಡ್ಯದಲ್ಲಿ ಜಿಲ್ಲಾ ಮ್ಯಾಚು ಬಂದಾಗ ಚಡ್ಡಿಯ ಪ್ರಶ್ನೆ ಎದ್ದಿತು. ಅಂಗಡಿಯಲ್ಲಿ ಸಿಗುತ್ತಿದ್ದವೆಲ್ಲ ಗಂಡಸರ ಅಳತೆಯವು. ಅಪ್ಪ ಯೂನಿಫಾರಮ್ಮಿನ ನೀಲಿ ಬಟ್ಟೆಯಲ್ಲಿ ಇಡೀ ಟೀಮಿಗೆ ತಾವೇ ಚಡ್ಡಿ ಹೊಲಿದರು. ಕೆಲವು ತಾಯಂದಿರು ಬಂದು ಮಂಡಿ ಮುಚ್ಚಬೇಕು ಎಂದರು. ಅಪ್ಪ ಹೂಂ ಅಂದು, ಮಂಡಿಯ ಮೇಲಕ್ಕೇ ಹೊಲಿದು, ಬಟ್ಟೆ ಸಾಲಲಿಲ್ಲ ಎಂದರು.

ಕೊನೆಗೆ ಇಸ್ತ್ರಿ ಮಾಡುವಾಗ ತಂಗಿಯ ಚಡ್ಡಿಯ ಹಿಂಭಾಗ ಸುಟ್ಟುಹೋಯಿತು. ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು, ಯಾರೋ ಕರೆದರೆಂದು ಅಪ್ಪ ಬಾಗಿಲಿಗೆ ಹೋಗಿದ್ದರು. ಬೇರೆ ಹೊಲಿಯಲು ಹೊತ್ತಿರಲಿಲ್ಲ. ತೇಪೆ ಹಾಕಿ ಕೊಟ್ಟರು. ಅವಳು ಅಳುತ್ತಾ ಹಾಕಿಕೊಂಡು ಹೋದವಳು ಮಂಡ್ಯದಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದು ಬಂದಳು. ಆಮೇಲೆ ಈ ಸುಟ್ಟ ಚಡ್ಡಿಯ ಪ್ರಸಂಗ ನೆಂಟರು ಬಂದಾಗಲೆಲ್ಲ ನಮ್ಮ ಮನೆಯ ತಮಾಷೆ. ಹೇಳಿ ನಗುತ್ತಿದ್ದವರು ಅಪ್ಪನೇ.

ಮುಂದೆ ಅವಳು ಕ್ರೀಡಾ ಹಾಸ್ಟೆಲಿಗೆ ಹೋದಳು, ರಾಜ್ಯ ತಂಡಕ್ಕೆ ಆಡಿದಳು. ನನ್ನ ಮದುವೆಯ ವರ್ಷ ಮಂಡಿನೋವೆಂದು ಮನೆಯಲ್ಲಿ ಉಳಿದಳು. ದೇಶದ ಕಿರಿಯರ ತಂಡದ ಕ್ಯಾಂಪು ತಪ್ಪಿತು. ಮರುವರ್ಷ ಮತ್ತೆ ಹೋದಳು. ಬೆಂಗಳೂರಿನ ಕ್ಲಬ್ಬು ಕರೆಯಿತು, ದೇಶದ ತಂಡ ಕರೆಯಿತು. ನಾನು ಮದುವೆಯಾಗಿ ಮದ್ದೂರಿಗೆ ಬಂದೆ. ಗಂಡನ ಊರು ಪಕ್ಕದ ವೈದ್ಯನಾಥಪುರ. ಅತ್ತೆ ಅಲ್ಲಿಯೇ ಇದ್ದಾರೆ.

ಪ್ರಶಸ್ತಿ ಬಂದ ವಾರವೇ ಒಂದು ಟೀವಿ ಚಾನೆಲ್ಲಿನವರು ಮಳವಳ್ಳಿಗೆ ಬಂದರು. ಅವ್ವ ಫೋನು ಮಾಡಿದ್ದಕ್ಕೆ ನಾನೂ ರಜೆ ಹಾಕಿ ಹೋಗಿದ್ದೆ. ಬಂದ ಯುವಕ ನಮ್ಮ ಮನೆ ನೋಡಿ ಮುಖ ಸಣ್ಣದು ಮಾಡಿಕೊಂಡ. ಮೊದಲಿದ್ದ ಗುಡಿಸಲು ಎಲ್ಲಿ ಎಂದು ಕೇಳಿದ. ಗುಡಿಸಲು ಇರಲಿಲ್ಲ, ಇದೇ ಮನೆ ಎಂದೆ. ಅವ್ವನನ್ನು ಸೌದೆ ಒಲೆಯ ಮುಂದೆ ಕೂರಿಸಬಹುದೇ ಎಂದ. ಗ್ಯಾಸು ಬಂದು ಎಷ್ಟೋ ಕಾಲವಾಯಿತು ಎಂದೆ. ಹಿತ್ತಲಿನಲ್ಲಿ ನೀರು ಕಾಯಿಸುವ ಒಲೆಯ ಮುಂದೆ ಅವ್ವನನ್ನು ಕೂರಿಸಿ, ಹೊಗೆ ಬರಲೆಂದು ಹಸಿ ಕಡ್ಡಿ ತುರುಕಿ, ಅವಳ ಕಣ್ಣಲ್ಲಿ ನೀರು ಬಂದಾಗ ಚಿತ್ರ ತೆಗೆದರು. ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಅಂಗಡಿಯಲ್ಲಿ ಕಾದಿದ್ದರು. ಅಲ್ಲಿಗೆ ಚಾನೆಲ್ಲಿನವರು ಹೋಗಲೇ ಇಲ್ಲ.

ಕಾರ್ಯಕ್ರಮ ಬಂದ ಸಂಜೆ ಕಾರಣ ತಿಳಿಯಿತು. ತಂಗಿಯನ್ನು ದಿಲ್ಲಿಯಲ್ಲಿ ಮಾತಾಡಿಸಿದ್ದರು. ಅವಳು ಹಿಂದಿಯಲ್ಲಿ ತಡವರಿಸುತ್ತಾ, ನಗುತ್ತಾ, ಕೈಯಲ್ಲಿ ಇಸ್ತ್ರಿ ಎಳೆದಂತೆ ಮಾಡಿ ಏನೋ ಹೇಳುತ್ತಿದ್ದಳು. ಆ ನಗುವನ್ನು ಕತ್ತರಿಸಿ ಶೋಕದ ಸಂಗೀತ ಹಾಕಿದ್ದರು. ಕೆಳಗೆ ದಪ್ಪ ಅಕ್ಷರದಲ್ಲಿ, ಚಡ್ಡಿ ಸುಟ್ಟ ತಂದೆ, ಚಿನ್ನದಂಥ ಮಗಳು ಎಂದು ಬಂತು. ಹೆಣ್ಣು ಚಡ್ಡಿ ತೊಟ್ಟು ಆಡಬಾರದೆಂದು ತಂದೆಯೇ ಬೆಂಕಿ ಇಟ್ಟನಂತೆ. ಅವ್ವನ ಹೊಗೆಯ ಕಣ್ಣೀರನ್ನು ಅದರ ಪಕ್ಕದಲ್ಲೇ ಅಂಟಿಸಿದ್ದರು.

ಅಪ್ಪ ನೋಡಿ ಮುಗಿಸಿ, ಟೀವಿ ಆರಿಸಿ, ಊಟಕ್ಕೆ ಇಡಲು ಹೇಳಿದರಂತೆ. ನಾನು ಮದ್ದೂರಿನಿಂದ ತಂಗಿಗೆ ಫೋನು ಮಾಡಿದೆ. ತೆಗೆಯಲಿಲ್ಲ. ತಪ್ಪನ್ನು ಸರಿಮಾಡಿಸು ಎಂದು ಮೆಸೇಜು ಹಾಕಿದೆ. ನೋಡಿಕೊಳ್ಳುತ್ತೇನೆ ಎಂದು ಉತ್ತರ ಬಂತು. ನೋಡಿಕೊಂಡದ್ದು ಹೇಗೆಂದರೆ, ಮುಂದಿನ ತಿಂಗಳು ಇನ್ನೊಂದು ಕಡೆ ಅವಳೇ, ತನ್ನ ಬಾಯಿಂದಲೇ, ಅಪ್ಪನಿಗೆ ಆಗ ಇಷ್ಟವಿರಲಿಲ್ಲ, ಚಡ್ಡಿ ಸುಟ್ಟಿದ್ದರು, ಈಗ ಸರಿಹೋಗಿದ್ದಾರೆ ಎಂದಳು. ಈ ಸಲ ಯಾರೂ ಏನನ್ನೂ ಕತ್ತರಿಸಿರಲಿಲ್ಲ.

ಮಳವಳ್ಳಿ ಸಣ್ಣ ಊರು. ಅಪ್ಪನ ಅಂಗಡಿಗೆ ಬರುವವರೆಲ್ಲ ಬಟ್ಟೆಯ ಜೊತೆ ಒಂದು ಮಾತನ್ನೂ ತರತೊಡಗಿದರು. ನಾನು ಅಲ್ಲಿದ್ದ ಒಂದು ಭಾನುವಾರ, ವರ್ಷಗಟ್ಟಲೆ ನಮ್ಮಲ್ಲೇ ಹೊಲಿಸುತ್ತಿದ್ದ ಒಬ್ಬಾಕೆ ಬ್ಲೌಸ್ ಪೀಸ್ ಟೇಬಲ್ಲಿನ ಮೇಲಿಟ್ಟು, "ನೋಡಿ ಟೈಲ್ರೇ, ಇದುಕ್ಕೂ ಬೆಂಕಿ ಇಕ್ಬುಟ್ಟೀರಿ, ಉಸಾರು" ಎಂದಳು. ಜೊತೆಗಿದ್ದವಳು ಸೆರಗು ಬಾಯಿಗಿಟ್ಟು ನಕ್ಕಳು. ಅಪ್ಪ ಅಳತೆ ಬ್ಲೌಸು ಕೇಳಿ ಪಡೆದು ಗಂಟು ಕಟ್ಟಿ ಇಟ್ಟರು. ನಾನು ಆಕೆಗೆ ಅನ್ನಬೇಕಾದದ್ದನ್ನೆಲ್ಲ ಅಂದೆ. ಆಕೆ ಬಟ್ಟೆ ವಾಪಸು ತೆಗೆದುಕೊಂಡು ಹೊರಟುಹೋದಳು. ಅಪ್ಪನಿಗೆ ನನ್ನ ಮೇಲೆಯೇ ಬೇಸರವಾಯಿತು.

"ಬುಡು ಮಗ," ಎಂದರು. "ಊರ್ ಬಾಯ್ಗೆ ಒಲಿಗೆ ಆಕಕ್ಕಾಯ್ತದಾ?"

ಇಲ್ಲ ಎಂದು ಒಂದು ಮಾತು ಹೇಳಬಾರದೇ, ನಾನಲ್ಲ ಸುಟ್ಟಿದ್ದು ಎನ್ನಬಾರದೇ ಎಂದು ಕೇಳಿದೆ. ಅವರು ಮಿಷಿನ್ನಿಗೆ ತಿರುಗಿ ಕೂತರು. ಆ ಮೌನ ನನಗೆ ಅರ್ಥವಾಗಲಿಲ್ಲ. ದೊಡ್ಡತನ ಎಂದುಕೊಂಡು ಇನ್ನಷ್ಟು ಉರಿದುಕೊಂಡೆ.

ನನ್ನ ಶಾಲೆಯಲ್ಲಿ ಇನ್ನೊಂದು ನಡೆಯಿತು. ಶಾಲಾ ವಾರ್ಷಿಕೋತ್ಸವಕ್ಕೆ ಮಕ್ಕಳು ತಂಗಿಯ ಜೀವನದ ಮೇಲೆ ಕಿರುನಾಟಕ ಮಾಡುತ್ತಿದ್ದರು. ನನಗೆ ಗೊತ್ತಿಲ್ಲದಂತೆ ಮಾಡಿ ಸಂತೋಷಪಡಿಸಬೇಕೆಂದು ಹೆಡ್‌ಮೇಷ್ಟ್ರ ಯೋಚನೆ. ಸಭಾಂಗಣದ ಬಾಗಿಲು ತೆರೆದಾಗ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕಪ್ಪು ಮೀಸೆ ಬರೆದುಕೊಂಡು, ಕೆಂಪು ಕಾಗದದ ಬೆಂಕಿಗೆ ಚಡ್ಡಿ ಎಸೆದು ಅಟ್ಟಹಾಸ ಮಾಡುತ್ತಿದ್ದಳು. ನಮ್ಮಪ್ಪನಿಗೆ ಮೀಸೆಯೇ ಇಲ್ಲ. ರಿಹರ್ಸಲ್ ನಿಲ್ಲಿಸಿದೆ. ಮಕ್ಕಳಿಗೆ ಏನು ಹೇಳಬೇಕೆಂದು ತೋಚದೆ ಕ್ಲಾಸಿಗೆ ಹೋಗಿ ಎಂದು ಗದರಿದೆ. ಹೆಡ್‌ಮೇಷ್ಟ್ರು ನನ್ನನ್ನು ಕರೆಸಿ, ಮೇಡಂ, ನಿಮ್ಮ ತಂಗಿಯೇ ಹೇಳಿದ್ದಾರಲ್ಲ ಎಂದರು. ಅವಳು ಹೇಳಿದ್ದು ಸುಳ್ಳು ಎಂದೆ. ಅವರು ನನ್ನನ್ನು ನೋಡಿದ ರೀತಿಯಲ್ಲಿ ಹೊಟ್ಟೆಕಿಚ್ಚು ಎಂಬ ಪದ ಎದ್ದು ಕಾಣುತ್ತಿತ್ತು. ನಾಟಕದ ಬದಲು ಜಾನಪದ ನೃತ್ಯ ಮಾಡಿಸಿದರು. ಸ್ಟಾಫ್ ರೂಮಿನಲ್ಲಿ ಬಹಳ ದಿನ ಯಾರೂ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ.

ಆಮೇಲೆ ಮಂಡ್ಯದಲ್ಲಿ ಸನ್ಮಾನ. ಊರಿನ ಮುಖಂಡರು ಸೇರಿ ದೊಡ್ಡ ಸಭಾಂಗಣ ಹಿಡಿದಿದ್ದರು. ಹೊರಗೆ ತಂಗಿಯ ಎತ್ತರದ ಫ್ಲೆಕ್ಸು; ಅವಳ ಸುತ್ತ, ಜೀವನದಲ್ಲಿ ಫುಟ್‌ಬಾಲ್ ಮ್ಯಾಚು ನೋಡದವರ ಮುಖಗಳು. ನಾನು ಬರುವುದಿಲ್ಲ ಎಂದಿದ್ದೆ. ಅಪ್ಪ ಹೋಗಲೇಬೇಕು ಅಂದರು, ಅವರಿಗಾಗಿ ಹೋದೆ. ಅಪ್ಪ ಅವ್ವ ನಾನು ಎರಡನೇ ಸಾಲಿನಲ್ಲಿ ಕೂತೆವು. ಮೊದಲ ಸಾಲು ಗಣ್ಯರಿಗಂತೆ. ನಮ್ಮನ್ನು ಯಾರೆಂದು ಯಾರೂ ಕೇಳಲಿಲ್ಲ.

ಭಾಷಣಕಾರರಲ್ಲಿ ಒಬ್ಬರು ಹೆಣ್ಣುಮಕ್ಕಳ ಏಳಿಗೆಯ ಬಗ್ಗೆ ಮಾತಾಡುತ್ತಾ ರಂಗೇರಿದರು. ಈ ನಮ್ಮ ಹೆಣ್ಣುಮಗಳು ಸ್ವಂತ ತಂದೆಯೇ ಬಟ್ಟೆಗೆ ಬೆಂಕಿ ಇಟ್ಟರೂ ಎದೆಗುಂದಲಿಲ್ಲ, ಅಂಥ ತಂದೆಯರು ಈ ಸಭೆಯಲ್ಲಿದ್ದರೆ ತಲೆತಗ್ಗಿಸಬೇಕು ಎಂದರು. ಸಭೆ ಚಪ್ಪಾಳೆ ತಟ್ಟಿತು. ಅಪ್ಪನೂ ತಟ್ಟಿದರು. ಅವ್ವ ಅವರ ಕೈ ಹಿಡಿದು ಕೆಳಗಿಳಿಸಿದಳು. ನಾನು ವೇದಿಕೆಯ ಮೇಲಿದ್ದ ತಂಗಿಯನ್ನೇ ನೋಡುತ್ತಿದ್ದೆ. ಅವಳು ನಮ್ಮನ್ನು ನೋಡಿದಳು, ಖಂಡಿತ ನೋಡಿದಳು, ಆಮೇಲೆ ಮಡಿಲಿನಲ್ಲಿದ್ದ ಹಣ್ಣಿನ ಬುಟ್ಟಿಯನ್ನು ನೋಡಿದಳು. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು. ಮಾತಾಡಲು ಎದ್ದವಳು ಎಲ್ಲರಿಗೂ ವಂದನೆ ಹೇಳಿ, ಪಿ.ಟಿ. ಮೇಷ್ಟ್ರನ್ನು ನೆನೆದು, ತಂದೆತಾಯಿಯ ಆಶೀರ್ವಾದ ಎಂದು ಒಂದು ವಾಕ್ಯ ಸೇರಿಸಿ ಕೂತಳು.

ಕಾರ್ಯಕ್ರಮ ಮುಗಿದ ಮೇಲೆ ಸಭಾಂಗಣದ ಹಿಂದೆ ಕಾರಿನ ಹತ್ತಿರ ಅವಳನ್ನು ಹಿಡಿದೆ. ಸೆಲ್ಫಿಗೆ ನಿಂತಿದ್ದವರನ್ನು ಆಚೆ ಕಳಿಸಿದೆ.

"ಅಪ್ಪ ಯಾವತ್ತೇ ನಿನ್ ಚಡ್ಡಿ ಸುಟ್ಟಿದ್ದು?" ಎಂದೆ.

"ಮೆಲ್ಲುಗ್ ಮಾತಾಡಕ್ಕ. ಜನ ಅವ್ರೆ."

"ಜನುಕ್ಕೆ ಕೇಳ್ಲಿ ಅಂತ್ಲೇ ಮಾತಾಡ್ತಿರದು."

ಮೊದಲ ಸಲ ತಾನು ಇಸ್ತ್ರಿಪೆಟ್ಟಿಗೆಯ ಕತೆಯನ್ನೇ ಹೇಳಿದ್ದು, ನಗುತ್ತಲೇ ಹೇಳಿದ್ದು, ತನಗೆ ಬರುವ ಹಿಂದಿಯಲ್ಲಿ ಅವರಿಗೆ ತಿಳಿದದ್ದು ಅಷ್ಟೇ ಎಂದಳು. ಎರಡನೇ ಸಲ ನಿನ್ನ ಬಾಯಿಂದಲೇ ಬಂತಲ್ಲ, ಅದೂ ಹಿಂದಿಯ ತಪ್ಪೇ ಎಂದು ಕೇಳಿದೆ. ಅವಳು ಪೇಟ ತೆಗೆದು ಕಾರಿನೊಳಗೆ ಎಸೆದಳು. ಹಣೆಯ ಮೇಲೆ ಅದರ ಕೆಂಪು ಗೆರೆ ಮೂಡಿತ್ತು.

"ನಿನ್ ಮದ್ವೆ ವರ್ಸ ನಂಗೆ ಮಂಡಿನೋವು ಬಂದಿತ್ತಲ್ಲ," ಎಂದಳು, "ಯಾವ್ ಡಾಕ್ಟ್ರು ಅಂಗಂದ್ರು ಅಂತ ಒಂದ್ಸಲನಾದ್ರೂ ಕೇಳಿದ್ಯಾ ನೀನು?"

ಅವಳೇ ಹೇಳಿದಳು. ಮಾತುಕತೆ ಮುಗಿದು ದಿನ ಗೊತ್ತಾಗುವ ಹೊತ್ತಿಗೆ ನನ್ನ ಅತ್ತೆ ಅಂಗಡಿಗೆ ಬಂದಿದ್ದರಂತೆ. ಸೊಸೆಯ ತಂಗಿ ಚಡ್ಡಿ ಹಾಕಿಕೊಂಡು ಊರೂರು ಸುತ್ತುತ್ತಾಳೆಂದು ತಮ್ಮ ಕಡೆಯವರು ಆಡಿಕೊಳ್ಳುತ್ತಿದ್ದಾರೆ, ಮದುವೆ ಮುಗಿಯುವವರೆಗಾದರೂ ಮನೆಯಲ್ಲಿ ಇರಿಸಿಕೊಳ್ಳಿ ಎಂದರಂತೆ. ಅಪ್ಪ ಒಪ್ಪಿದರು. ಮಂಡಿನೋವು ಎಂದು ಮೇಷ್ಟ್ರಿಗೆ ಹೇಳಿ ಕಳಿಸಿದರು. ಆ ಸಲ ಕ್ಯಾಂಪಿಗೆ ಹೋದ ಹುಡುಗಿಯರು ವಿದೇಶಕ್ಕೆ ಆಡಲು ಹೋದರು.

"ಎಲ್ಲೋದ್ರೂ ಕಷ್ಟ ಏನಿತ್ತು, ಯಾರ್ ತಡುದ್ರು ಅಂತ ಕೇಳ್ತಾರೆ," ಎಂದಳು. "ನಿಜ ಏಳಿದ್ರೆ ನಿನ್ ಗಂಡನ್ ಮನೆ ಟೀವೀಲಿ ಬತ್ತಿತ್ತು. ಚಡ್ಡಿ ಕತೆ ಎಂಗೂ ಅವ್ರೇ ಕಟ್ಬುಟ್ಟಿದ್ರು. ಅದೇ ಇರ್ಲಿ ಅಂದ್ಕಂಡೆ. ನಿನ್ನ ಉಳಿಸ್ದೆ ಕಣಕ್ಕ."

"ನನ್ನ ಉಳ್ಸಕ್ಕೆ ಅಪ್ಪನ್ನ ಮಾರುದ್ಯಾ?"

"ಅಪ್ಪ ನನ್ನ ಮಾರ್ಲಿಲ್ವಾ?"

ಅಷ್ಟು ಹೇಳಿ ಕಾರು ಹತ್ತಿದಳು. ಅಪ್ಪ ಅವ್ವ ಸಭಾಂಗಣದ ಮುಂದೆ ಊಟದ ಸಾಲಿನಲ್ಲಿ ಅವಳಿಗಾಗಿ ಕಾಯುತ್ತಿದ್ದರು. ಅವಳು ಊಟಕ್ಕೂ ನಿಲ್ಲಲಿಲ್ಲ.

ನಾನು ಬೇಡದೆ ಇದ್ದ ಉಪಕಾರವನ್ನು ಯಾರಾದರೂ ಮಾಡಿ, ಅದನ್ನು ಹೇಳಿಯೂ ಬಿಟ್ಟರೆ ಅದಕ್ಕಿಂತ ದೊಡ್ಡ ಹಗೆತನ ಇಲ್ಲ. ಮದ್ದೂರಿಗೆ ಬಂದ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅವಳನ್ನು ಬೈಯುತ್ತಾ ಬಂದೆ. ಅವಳ ಮಾತು ಸುಳ್ಳಾಗಿರಲಿ ಎಂದು ಬಯಸಿ, ಮಾರನೆಯ ದಿನವೇ ವೈದ್ಯನಾಥಪುರಕ್ಕೆ ಹೋದೆ. ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಪೇಪರಿನಲ್ಲಿ ಬಂದ ತಂಗಿಯ ಫೋಟೋವನ್ನು ಕತ್ತರಿಸಿ ಷೋಕೇಸಿನ ಗಾಜಿಗೆ ಅಂಟಿಸಿಕೊಂಡಿದ್ದರು. ನೀವು ನಮ್ಮಪ್ಪನ ಹತ್ತಿರ ಹೀಗೆ ಅಂದಿದ್ದಿರಾ ಎಂದು ನೇರವಾಗಿ ಕೇಳಿದೆ. ಅವರು ಮರೆಮಾಡಲಿಲ್ಲ.

"ಊಂ, ಅಂದಿದ್ದೆ," ಎಂದರು. "ಎಣ್ ತರೋರು ನಾಕ್ ಮಾತು ಕೇಳ್ತಾರೆ ಕಣವ್ವ. ಆಗ ಕಾಲ ಅಂಗಿತ್ತು. ಈಗ ಅವ್ಳು ನಮ್ಮೋಳು ಅಂತ ಊರ್ಗೆಲ್ಲಾ ಏಳ್ಕಂಡ್ ತಿರುಗ್ತಿರೋಳು ನಾನೇ ಅಲ್ವಾ?"

ನನ್ನ ಮಗಳ ಮಾತೆತ್ತಿ, ಮೊಮ್ಮಗಳಿಗೂ ಒಂದು ಚೆಂಡು ಕೊಡಿಸು ಎಂದು ಬೇರೆ ಸೇರಿಸಿದರು. ನಾನು ನೀರೂ ಕುಡಿಯದೆ ಎದ್ದು ಬಂದೆ. ಗಂಡನನ್ನು ಕೇಳಿದರೆ, ನಮ್ಮವ್ವ ಏನೋ ಅಂದಿದ್ದ ನೆನಪಿದೆ, ಹಳೇ ಮಾತು, ಯಾಕೆ ಕೆದಕುತ್ತೀಯ ಎಂದರು. ಆ ತಿಂಗಳು ನಮ್ಮ ಮನೆಯಲ್ಲಿ ಸಾರಿಗೆ ಉಪ್ಪಿದೆಯೇ ಎಂಬುದನ್ನು ಬಿಟ್ಟು ಬೇರೆ ಮಾತಿರಲಿಲ್ಲ.

ಕೊನೆಗೆ ಅಪ್ಪನ ಹತ್ತಿರ ಹೋದೆ. ಮಧ್ಯಾಹ್ನ, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಪ್ಯಾಂಟಿನ ಬಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದರು. ತಂಗಿ ಹೀಗೆ ಹೇಳಿದಳು ಎಂದೆ. ಅವರು ಗೆರೆ ಪೂರ್ತಿ ಎಳೆದು ಮುಗಿಸಿದರು.

"ಅವ್ಳು ಏಳಿದ್ದು ಸುಳ್ಳಲ್ಲ ಕಣವ್ವ," ಎಂದರು. "ಚಡ್ಡಿ ಸುಡ್ನಿಲ್ಲ ಅಂತ ನಾನ್ ಬಾಯ್ ಬುಟ್ರೆ, ಇನ್ನೇನ್ ಮಾಡ್ದೆ ಅಂತ ಕೇಳ್ತಾರೆ. ಏನೇಳ್ಲಿ?"

ದೊಡ್ಡತನ ಎಂದು ನಾನು ತಿಳಿದಿದ್ದ ಮೌನ ಇದು. ನನಗೆ ಅವರ ಮೇಲೆ ಕನಿಕರ ಬರಬೇಕಿತ್ತು. ಬಂದದ್ದು ಕೋಪ. ನನ್ನ ಮದುವೆಗೆ ಅವಳ ವರ್ಷವನ್ನು ಕೊಟ್ಟುಬಿಟ್ಟೆಯಲ್ಲ, ನನ್ನನ್ನು ಒಂದು ಮಾತು ಕೇಳಬಾರದಾಗಿತ್ತೇ ಎಂದೆ. ಕೇಳಿದ್ದರೆ ನೀನು ಈ ಗಂಡು ಬೇಡ ಅಂತಿದ್ದೆ, ಅದಕ್ಕೇ ಕೇಳಲಿಲ್ಲ ಎಂದರು. ಅಂತಿದ್ದೆನೋ ಇಲ್ಲವೋ. ಆ ಹುಡುಗ ನನಗೆ ಇಷ್ಟವಾಗಿದ್ದ. ಮದುವೆಯ ಸೀರೆಗೆ ಬ್ಲೌಸು ಹೊಲಿಯಲು ಅಪ್ಪನಿಗೆ ಅಳತೆ ಕೊಡುತ್ತಿದ್ದ ದಿನಗಳಲ್ಲಿ ತಂಗಿ ಹಿತ್ತಲ ಗೋಡೆಗೆ ಚೆಂಡು ಒದೆಯುತ್ತಿದ್ದ ಸದ್ದು ನನಗೆ ಕೇಳಿಸುತ್ತಿತ್ತು. ಮಂಡಿನೋವಿದ್ದವಳು ಹೇಗೆ ಒದೆಯುತ್ತಾಳೆ ಎಂದು ಆಗ ಹೊಳೆಯಲಿಲ್ಲ. ನಾಳೆ ಮದುವೆ ಇಟ್ಟುಕೊಂಡವಳಿಗೆ ಇಂಥದ್ದು ಹೊಳೆಯಬೇಕೆಂದು ಯಾರಾದರೂ ಹೇಳಿದರೆ ಅವರ ಮೇಲೂ ನನಗೆ ಸಿಟ್ಟಿದೆ.

ಮಳೆಗಾಲ ಕಳೆದ ಮೇಲೆ ತಂಗಿಯೇ ಅಪ್ಪನಿಗೆ ಫೋನು ಮಾಡಿ, ಬೆಂಗಳೂರಿನಲ್ಲಿ ಮ್ಯಾಚಿದೆ, ಬರುತ್ತೀರಾ ಎಂದು ಕೇಳಿದಳು. ಅಪ್ಪ ಅಂಗಡಿಗೆ ಬೀಗ ಹಾಕಿ ಅವ್ವನನ್ನು ಕರೆದುಕೊಂಡು ಹೊರಟೇಬಿಟ್ಟರು. ನನ್ನನ್ನೂ ಕರೆದರು. ಪರೀಕ್ಷೆ ಪೇಪರು ತಿದ್ದಬೇಕು ಎಂದೆ. ಪೇಪರು ಇರಲಿಲ್ಲ, ಅದು ಅವರಿಗೂ ಗೊತ್ತು.

ವಾಪಸು ಬರುವಾಗ ಮದ್ದೂರಿನಲ್ಲಿ ಇಳಿದು ನಮ್ಮ ಮನೆಗೆ ಬಂದರು. ಅಪ್ಪನ ಮಾತು ನಿಲ್ಲುವಂತಿರಲಿಲ್ಲ. ಹುಲ್ಲು ಎಷ್ಟು ಹಸಿರು, ದೀಪ ಎಷ್ಟು ಎತ್ತರ. ತಂಗಿಯ ಟೀಮು ಸೋತಿತಂತೆ. ಅವಳು ರೆಫರಿಯನ್ನು ಬೈದು ಹಳದಿ ಕಾರ್ಡು ತೋರಿಸಿಕೊಂಡಳಂತೆ. ಕನ್ನಡದಲ್ಲೇ ಬೈದಳು, ಪಾಪ ಆ ರೆಫರಿಗೆ ಮಾತು ಅರ್ಥವಾಗಲಿಲ್ಲ, ದನಿ ಕೇಳಿಯೇ ಕಾರ್ಡು ತೆಗೆದ ಎಂದು ಅಪ್ಪ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಆಮೇಲೆ ನೀನೂ ಅವಳೂ ಏನು ಮಾತಾಡಿಕೊಂಡಿರಿ ಎಂದು ನಾನು ಕೇಳಲಿಲ್ಲ. ಅವ್ವ ತಾನಾಗಿಯೇ ಅಡುಗೆಮನೆಗೆ ಬಂದು, ಮ್ಯಾಚಾದ ಮೇಲೆ ಅಪ್ಪ ಮಗಳು ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದರು, ತಾನು ದೂರ ಇದ್ದೆ, ಅಪ್ಪ ಒಂದೆರಡು ಮಾತಾಡಿದ ಮೇಲೆ ಅವಳು ಅವರ ತೋಳಿಗೆ ಒರಗಿದಳು ಎಂದಳು. ನಾನು ಕಾಫಿ ಸೋಸುತ್ತಿದ್ದೆ. ಒಳ್ಳೇದಾಯ್ತು ಬಿಡು ಎಂದೆ.

ಟೀವಿಯ ಕತೆಯನ್ನು ಅವಳು ಇವತ್ತಿಗೂ ಸರಿಮಾಡಿಸಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಅವಳ ಹೆಸರಿನ ಕೆಳಗೆ ಅಪ್ಪನ ಬೆಂಕಿ ಈಗಲೂ ಇದೆ. ಅಪ್ಪನಿಗೆ ಅದರ ಗೊಡವೆ ಇಲ್ಲ. ಅವಳಿಗೂ ಇದ್ದಂತಿಲ್ಲ. ಅವರಿಬ್ಬರೂ ವಾರಕ್ಕೊಮ್ಮೆ ಮಾತಾಡುತ್ತಾರೆ. ಅವರ ಪರವಾಗಿ ನಾನು ಊರೆಲ್ಲ ಜಗಳ ಆಡಿಕೊಂಡದ್ದು ನನ್ನ ಪಾಲಿಗೇ ಉಳಿಯಿತು. ಅತ್ತೆಯ ಮನೆಗೆ ಹಬ್ಬಕ್ಕೆ ಹೋಗುತ್ತೇನೆ, ಉಣ್ಣುತ್ತೇನೆ, ಬರುತ್ತೇನೆ.

ಮೊನ್ನೆ ಅವ್ವನ ಕಣ್ಣಿನ ಪೊರೆ ತೆಗೆಸಬೇಕೆಂದಾಗ ತಂಗಿ ನನಗೆ ಫೋನು ಮಾಡಿದಳು. ಯಾವ ಆಸ್ಪತ್ರೆ, ಯಾವ ದಿನ, ಜೊತೆಯಲ್ಲಿ ಯಾರಿರುತ್ತಾರೆ ಎಂದು ಕೇಳಿದಳು. ಮಂಡ್ಯದಲ್ಲಿ, ಸೋಮವಾರ, ನಾನಿರುತ್ತೇನೆ ಎಂದೆ. ಡ್ರಾಪ್ಸು ಮರೆಯದೆ ಹಾಕು ಎಂದಳು. ಗೊತ್ತು ಎಂದೆ. ಯಾರು ಮೊದಲು ಫೋನಿಟ್ಟರೋ ನೆನಪಿಲ್ಲ, ನಾನೇ ಇರಬೇಕು.